ಭಾಷಾ ಪಾಠದಲ್ಲಿ ಶಿಕ್ಷಕರ ಮನೋಭಾವ ಮತ್ತು ಮಕ್ಕಳ ಪಾಲ್ಗೊಳ್ಳುವಿಕೆ: ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಕಾಫಿ ಸೀಮೆಯ ಪೋಷಕರಿಗೆ ಮಾಹಿತಿ

1. ಪೀಠಿಕೆ

ಮಗುವನ್ನು ಶಾಲೆಗೆ ದಾಖಲಿಸುವ ಅರ್ಜಿಯಲ್ಲಿ ಪೋಷಕರು ಜನ್ಮ ದಿನಾಂಕ, ವಿಳಾಸ, ಮಾತೃಭಾಷೆ ಮುಂತಾದ ವಿವರಗಳನ್ನು ಭರ್ತಿ ಮಾಡುತ್ತಾರೆ. ಇವುಗಳಲ್ಲಿ ಮಾತೃಭಾಷೆಯ ಕಲಂ ಅನ್ನು ಹೆಚ್ಚಿನವರು ಕೇವಲ ಔಪಚಾರಿಕವೆಂದು ಭಾವಿಸುವುದುಂಟು. ಆದರೆ ಕಾಫಿ ಸೀಮೆಯ ಶಾಲೆಗಳಲ್ಲಿ ಆ ಕಲಂನಲ್ಲಿ ಬರೆದ ಭಾಷೆಯನ್ನು ಶಿಕ್ಷಕರು ಯಾವ ದೃಷ್ಟಿಯಿಂದ ಕಾಣುತ್ತಾರೆ ಎಂಬುದರ ಮೇಲೆ, ಮಗು ಕನ್ನಡ ತರಗತಿಯಲ್ಲಿ ಬಾಯಿ ತೆರೆದು ಮಾತನಾಡುವುದೇ ಅಥವಾ ಮೌನವಾಗಿ ಕುಳಿತುಬಿಡುವುದೇ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಭಾಷೆಯು ಇತರ ವಿಷಯಗಳಂತಲ್ಲ. ಗಣಿತದ ಲೆಕ್ಕವನ್ನು ಮಗು ಮೌನವಾಗಿಯೂ ಮಾಡಬಹುದು; ಆದರೆ ಮಾತನಾಡದೆ ಭಾಷೆಯನ್ನು ಕಲಿಯುವುದು ಕಷ್ಟಸಾಧ್ಯ. ಮಾತನಾಡಬೇಕಾದರೆ ತಪ್ಪಾಗಬಹುದೆಂಬ ಅಳುಕನ್ನು ಮಗು ದಾಟಬೇಕು. ಆ ಅಳುಕನ್ನು ಹೆಚ್ಚಿಸುವುದು ಅಥವಾ ಕಡಿಮೆ ಮಾಡುವುದು ಶಿಕ್ಷಕರ ನಡೆನುಡಿಯನ್ನು ಅವಲಂಬಿಸಿದೆ. ಈ ವಿಷಯದಲ್ಲಿ ಪೋಷಕರು ತಿಳಿದಿರಬೇಕಾದ ಅಂಶಗಳು, ಶಾಲೆಯಲ್ಲಿ ಗಮನಿಸಬೇಕಾದ ಲಕ್ಷಣಗಳು, ಕಾನೂನಿನ ಉಪಬಂಧಗಳು ಹಾಗೂ ಅಹವಾಲು ಸಲ್ಲಿಸುವ ಕ್ರಮವನ್ನು ಈ ಪುಟದಲ್ಲಿ ನೀಡಲಾಗಿದೆ.

2. ಕಾಫಿ ಸೀಮೆಯ ತರಗತಿಯ ಸ್ವರೂಪ

ಚಿಕ್ಕಮಗಳೂರು ಮತ್ತು ಮೂಡಿಗೆರೆ ತಾಲ್ಲೂಕುಗಳು ಹಾಗೂ ಮೂಡಿಗೆರೆಯಿಂದ ಬೇರ್ಪಟ್ಟು ರಚನೆಯಾದ ಕಳಸ ತಾಲ್ಲೂಕಿನ ತೋಟ ಪ್ರದೇಶದಲ್ಲಿ ಹಲವು ಭಾಷೆಗಳನ್ನಾಡುವ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಘಟ್ಟದ ಕೆಳಗಿನಿಂದ ಬಂದ ತುಳು, ಕೊಂಕಣಿ ಮತ್ತು ಬ್ಯಾರಿ ಭಾಷಿಕರು, ತಮಿಳು ಮತ್ತು ಮಲಯಾಳಂ ಮಾತನಾಡುವ ತೋಟ ಕಾರ್ಮಿಕರು, ಉರ್ದು ಭಾಷಿಕರು, ಬಯಲುಸೀಮೆಯಿಂದ ಕೆಲಸಕ್ಕೆ ಬರುವವರು, ಮಲೆಕುಡಿಯ, ಹಸಲರು, ಗೌಡಲು ಮುಂತಾದ ಪರಿಶಿಷ್ಟ ಪಂಗಡಗಳ ಕುಟುಂಬಗಳು ಒಂದೇ ಶಾಲೆಯ ವ್ಯಾಪ್ತಿಯಲ್ಲಿರುವುದು ಇಲ್ಲಿ ಸಾಮಾನ್ಯ. ಇತ್ತೀಚಿನ ವರ್ಷಗಳಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ ಮುಂತಾದ ರಾಜ್ಯಗಳ ಕಾರ್ಮಿಕ ಕುಟುಂಬಗಳೂ ಲೈನ್ ಮನೆಗಳಲ್ಲಿ ವಾಸಿಸುತ್ತಿವೆ.

ಇದರ ಜೊತೆಗೆ ಹಾಜರಾತಿಯ ಮೇಲೆ ಪರಿಣಾಮ ಬೀರುವ ಎರಡು ಋತುಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಹಳ್ಳಗಳು ತುಂಬಿ, ಕಾಲುಸಂಕ ದಾಟಿ ಬರುವ ಮಕ್ಕಳಿಗೆ ಶಾಲೆ ತಲುಪುವುದು ಕಷ್ಟವಾಗುತ್ತದೆ. ನವೆಂಬರ್ ವೇಳೆಗೆ ಅರೇಬಿಕಾ ಕೊಯ್ಲು ಆರಂಭವಾಗಿ, ಅನಂತರ ರೋಬಸ್ಟಾ ಕೊಯ್ಲು ಫೆಬ್ರವರಿ, ಮಾರ್ಚ್‌ವರೆಗೂ ನಡೆಯುತ್ತದೆ. ಈ ಅವಧಿಯಲ್ಲಿ ಹೊಸ ಕುಟುಂಬಗಳು ತೋಟಕ್ಕೆ ಬರುತ್ತವೆ, ಕೊಯ್ಲು ಮುಗಿದ ನಂತರ ಕೆಲವು ಕುಟುಂಬಗಳು ಹೊರಡುತ್ತವೆ. ಹೀಗಾಗಿ ವರ್ಷದ ನಡುವೆ ಶಾಲೆಗೆ ಸೇರುವ, ಕೆಲವು ವಾರ ಗೈರುಹಾಜರಾಗಿ ಮರಳಿ ಬರುವ ಮಕ್ಕಳನ್ನು ಶಿಕ್ಷಕರು ಹೇಗೆ ಬರಮಾಡಿಕೊಳ್ಳುತ್ತಾರೆ ಎಂಬುದು ಈ ಭಾಗದಲ್ಲಿ ವಿಶೇಷ ಮಹತ್ವ ಪಡೆದಿದೆ.

ಕನ್ನಡ ಭಾಷಾ ಕಲಿಕೆ ಅಧಿನಿಯಮ, 2015ರ ಅನ್ವಯ 2017-18ನೇ ಸಾಲಿನಿಂದ ಹಂತಹಂತವಾಗಿ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಯುವುದು ಕಡ್ಡಾಯವಾಗಿದೆ. 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಒಟ್ಟು 625 ಅಂಕಗಳ ಪೈಕಿ ಪ್ರಥಮ ಭಾಷೆಗೆ 125 ಅಂಕಗಳಿದ್ದವು. ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ, ಸಮಾಜ ಪಾಠಗಳನ್ನೂ ಮಗು ಇದೇ ಭಾಷೆಯ ಮೂಲಕ ಓದಬೇಕಾಗುತ್ತದೆ. ಆದ್ದರಿಂದ ಒಂದನೆಯ ತರಗತಿಯ ಕನ್ನಡ ಪಾಠದಲ್ಲಿ ಮೌನವಾದ ಮಗು ಮುಂದೆ ಇತರ ವಿಷಯಗಳಲ್ಲಿಯೂ ಹಿಂದುಳಿಯುವ ಮತ್ತು ಕ್ರಮೇಣ ಶಾಲೆಯನ್ನೇ ಬಿಡುವ ಸಂಭವವಿರುತ್ತದೆ.

3. ಶಿಕ್ಷಕರ ಮನೋಭಾವ ವ್ಯಕ್ತವಾಗುವ ಸಂದರ್ಭಗಳು

ಮನೋಭಾವ ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಆದರೆ ತರಗತಿಯಲ್ಲಿ ಅದು ಕೆಲವು ನಿರ್ದಿಷ್ಟ ಕ್ರಿಯೆಗಳ ಮೂಲಕ ವ್ಯಕ್ತವಾಗುತ್ತದೆ. ಅವುಗಳಲ್ಲಿ ಮುಖ್ಯವಾದವು ಈ ಕೆಳಕಂಡಂತಿವೆ.

(ಅ) ಮನೆಮಾತಿಗೆ ನೀಡುವ ಸ್ಥಾನ

ಪ್ರಶ್ನೆಗೆ ಉತ್ತರ ತಿಳಿಯದ ತುಳು ಭಾಷಿಕ ಮಗು "ಎಂಕ್ ಗೊತ್ತುಜ್ಜಿ" ಎನ್ನಬಹುದು. ಇದು "ನನಗೆ ಗೊತ್ತಿಲ್ಲ" ಎಂಬ ಕನ್ನಡ ವಾಕ್ಯಕ್ಕೆ ಬಹಳ ಸಮೀಪದಲ್ಲಿದೆ. ಶಿಕ್ಷಕರು ಮಗುವಿನ ವಾಕ್ಯವನ್ನು ಒಪ್ಪಿಕೊಂಡು, "ಹೌದು, ನನಗೆ ಗೊತ್ತಿಲ್ಲ ಅನ್ನುತ್ತೇವೆ, ಹೇಳು ನೋಡೋಣ" ಎಂದರೆ ಮಗು ಒಂದು ಹೆಜ್ಜೆಯಲ್ಲಿ ಕನ್ನಡವನ್ನು ತಲುಪುತ್ತದೆ. "ಇಲ್ಲಿ ಆ ಭಾಷೆ ಮಾತಾಡಬೇಡ" ಎಂದು ಗದರಿಸಿದರೆ ಮಗು ಕಲಿಯುವುದು ಕನ್ನಡವನ್ನಲ್ಲ, ಮೌನವನ್ನು. ಮಕ್ಕಳ ಬಹುಭಾಷಿಕತೆಯನ್ನು ಅಡ್ಡಿಯೆಂದು ಕಾಣದೆ ಕಲಿಕೆಯ ಸಂಪನ್ಮೂಲವಾಗಿ ಬಳಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 2005 ಸಹ ತಿಳಿಸಿದೆ.

(ಆ) ತಪ್ಪನ್ನು ತಿದ್ದುವ ಬಗೆ

ಮಕ್ಕಳ ಹಲವು ತಪ್ಪುಗಳಿಗೆ ಭಾಷಿಕ ಕಾರಣಗಳಿರುತ್ತವೆ. ತಮಿಳು ಲಿಪಿಯಲ್ಲಿ ಕ ಮತ್ತು ಗ, ಪ ಮತ್ತು ಬ ಧ್ವನಿಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ಆ ಭಾಷೆಯ ಹಿನ್ನೆಲೆಯ ಮಗು ಕನ್ನಡದಲ್ಲಿ ಇವನ್ನು ಅದಲುಬದಲಾಗಿ ಬಳಸುವ ಸಾಧ್ಯತೆಯಿದೆ. ಕನ್ನಡವನ್ನೇ ಮನೆಮಾತಾಗಿ ಉಳ್ಳ ಕುಟುಂಬಗಳಲ್ಲಿಯೂ 'ಹಾಲು' ಎಂಬುದನ್ನು 'ಆಲು' ಎನ್ನುವ, ಮಹಾಪ್ರಾಣಾಕ್ಷರಗಳನ್ನು ಅಲ್ಪಪ್ರಾಣವಾಗಿ ಉಚ್ಚರಿಸುವ ರೂಢಿಯಿದೆ. ಇದನ್ನು ಬಲ್ಲ ಶಿಕ್ಷಕರು ಸರಿಯಾದ ರೂಪವನ್ನು ತಾವು ಸ್ಪಷ್ಟವಾಗಿ ಹೇಳಿ, ಮಗು ಹೇಳಹೊರಟ ವಿಷಯವನ್ನು ಮುಂದುವರಿಸಲು ಬಿಡುತ್ತಾರೆ. ಉಚ್ಚಾರಣೆಯನ್ನು ಅಣಕಿಸಿ ತರಗತಿಯನ್ನು ನಗಿಸಿದಲ್ಲಿ ಆ ಮಗುವಷ್ಟೇ ಅಲ್ಲದೆ, ಅದೇ ರೀತಿ ಮಾತನಾಡುವ ಇತರ ಮಕ್ಕಳೂ ಕೈ ಎತ್ತುವುದನ್ನು ನಿಲ್ಲಿಸುತ್ತಾರೆ.

(ಇ) ಉತ್ತರಕ್ಕಾಗಿ ಕಾಯುವ ತಾಳ್ಮೆ

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಪ್ರಶ್ನೆ ಕೇಳಿದ ನಂತರ ಶಿಕ್ಷಕರು ಸಾಮಾನ್ಯವಾಗಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆಂದು ಕಂಡುಬಂದಿತು. ಈ ಅವಧಿಯನ್ನು 3 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಿಗೆ ವಿಸ್ತರಿಸಿದಾಗ ಮಕ್ಕಳ ಉತ್ತರಗಳು ದೀರ್ಘವಾದವು, ಉತ್ತರಿಸದೆ ಸುಮ್ಮನಿರುವ ಪ್ರಸಂಗಗಳು ಕಡಿಮೆಯಾದವು, ನಿಧಾನಗತಿಯ ಕಲಿಕೆಯವರೆಂದು ಪರಿಗಣಿಸಲ್ಪಟ್ಟ ಮಕ್ಕಳೂ ಹೆಚ್ಚಾಗಿ ಪಾಲ್ಗೊಂಡರು. ಮನೆಯಲ್ಲಿ ಬೇರೆ ಭಾಷೆಯಾಡುವ ಮಗು ಪ್ರಶ್ನೆಯನ್ನು ಗ್ರಹಿಸಿ, ತನ್ನ ಭಾಷೆಯಲ್ಲಿ ಯೋಚಿಸಿ, ಕನ್ನಡದಲ್ಲಿ ಉತ್ತರ ಹೊಂದಿಸಬೇಕಾಗಿರುವುದರಿಂದ ಅದಕ್ಕೆ ಈ ಕಾಲಾವಕಾಶ ಇನ್ನೂ ಅಗತ್ಯವಾಗಿದೆ. ಇದಕ್ಕೆ ಹಣವಾಗಲಿ, ವಿಶೇಷ ಉಪಕರಣವಾಗಲಿ ಬೇಕಾಗಿಲ್ಲ.

(ಈ) ಮಗುವಿನ ಬಗೆಗಿನ ನಿರೀಕ್ಷೆ

"ಲೈನ್ ಮನೆಯ ಮಕ್ಕಳು ಇಷ್ಟೇ ಕಲಿಯುವುದು" ಎಂಬ ಪೂರ್ವಗ್ರಹವಿದ್ದಲ್ಲಿ ಪ್ರಶ್ನೆ ಕೇಳುವುದು, ಗಟ್ಟಿಯಾಗಿ ಓದಿಸುವುದು, ಪ್ರತಿಭಾ ಕಾರಂಜಿಯ ಕಂಠಪಾಠಕ್ಕೆ ಆಯ್ಕೆ ಮಾಡುವುದು ಮುಂತಾದ ಅವಕಾಶಗಳು ಪ್ರತಿ ವರ್ಷ ಅದೇ ಇಬ್ಬರು ಮೂವರು ಮಕ್ಕಳಿಗೆ ಸೀಮಿತವಾಗುತ್ತವೆ. ಶಿಕ್ಷಕರ ನಿರೀಕ್ಷೆಯ ಪರಿಣಾಮವನ್ನು ಕುರಿತು ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್ಸನ್ ಅವರು 1968ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಸಿದ್ಧವಾಗಿದೆ. ಅದರ ವಿಧಾನದ ಬಗ್ಗೆ ಆಕ್ಷೇಪಣೆಗಳೂ ವ್ಯಕ್ತವಾಗಿವೆ. ನಂತರದ ಸಂಶೋಧನೆಗಳ ಪ್ರಕಾರ ನಿರೀಕ್ಷೆಯ ಪರಿಣಾಮವು ಸರಾಸರಿಯಲ್ಲಿ ಅಲ್ಪ ಪ್ರಮಾಣದ್ದಾಗಿದ್ದರೂ, ಸಮಾಜದಲ್ಲಿ ಕೀಳಾಗಿ ಕಾಣಲ್ಪಡುವ ಸಮುದಾಯಗಳ ಮಕ್ಕಳ ಮೇಲೆ ಅದು ಹೆಚ್ಚಾಗಿರಬಹುದು. ಕಾಫಿ ಸೀಮೆಯ ಕಾರ್ಮಿಕರ ಮಕ್ಕಳ ವಿಷಯದಲ್ಲಿ ಈ ಎಚ್ಚರಿಕೆ ಅಗತ್ಯ.

ಮೂಡಿಗೆರೆಯಲ್ಲಿ ನೆಲೆಸಿ ಕಾಫಿ ಕೃಷಿ ಮಾಡಿಕೊಂಡಿದ್ದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಾದಂಬರಿಯನ್ನು ಓದಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಊರಿನವರು ನಿಷ್ಪ್ರಯೋಜಕನೆಂದು ಬಗೆದ ಹಳ್ಳಿಗ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ನಿಸರ್ಗ ತಜ್ಞನನ್ನು ಕಾಣುತ್ತಾರೆ. ಜೇನು, ಮರ, ಹಕ್ಕಿ, ಮಳೆಯ ಬಗ್ಗೆ ತೋಟದ ಮಕ್ಕಳಿಗಿರುವ ತಿಳಿವಳಿಕೆಯನ್ನು ಭಾಷಾ ಪಾಠದ ಬಂಡವಾಳವೆಂದು ಕಾಣುವ ಶಿಕ್ಷಕರು ಮಾಡುವ ಕೆಲಸವೂ ಇಂತಹುದೇ ಆಗಿದೆ.

(ಉ) ಗೈರುಹಾಜರಾಗಿ ಮರಳಿದ ಮಗುವನ್ನು ಬರಮಾಡಿಕೊಳ್ಳುವ ರೀತಿ

ಮಳೆಯಿಂದಲೋ ಕೊಯ್ಲಿನ ಕಾರಣದಿಂದಲೋ ಎರಡು ವಾರ ತಪ್ಪಿಸಿ ಬಂದ ಮಗುವನ್ನು ಎಲ್ಲರೆದುರು ವಿಚಾರಣೆಗೆ ಒಳಪಡಿಸಿದರೆ, ಮುಂದಿನ ಬಾರಿ ಅದು ಎರಡು ವಾರದ ಬದಲು ಒಂದು ತಿಂಗಳು ದೂರ ಉಳಿಯಬಹುದು. ಬಿಟ್ಟುಹೋದ ಪಾಠವನ್ನು ಗುರುತಿಸಿ, ಸಹಪಾಠಿಯೊಬ್ಬರ ಜೊತೆ ಕುಳ್ಳಿರಿಸಿ ಅಲ್ಲಿಂದಲೇ ಮುಂದುವರಿಸಿದರೆ ಮಗು ಶಾಲೆಯಲ್ಲಿ ನಿಲ್ಲುತ್ತದೆ. ಗೈರುಹಾಜರಿಯ ಕಾರಣವನ್ನು ವಿಚಾರಿಸಬೇಕಾದುದು ಪೋಷಕರನ್ನೇ ಹೊರತು ತರಗತಿಯ ಮುಂದೆ ನಿಂತ ಮಗುವನ್ನಲ್ಲ.

4. ಉದಾಹರಣೆ: ಮಳೆಯ ಪಾಠ

ಮೇಲ್ಕಂಡ ಅಂಶಗಳು ಒಂದೇ ಪಾಠದಲ್ಲಿ ಹೇಗೆ ಕೂಡಿ ಬರುತ್ತವೆ ಎಂಬುದನ್ನು ತಿಳಿಯಲು 'ಮಳೆ' ಎಂಬ ವಿಷಯದ ಪಾಠವನ್ನು ಪರಿಗಣಿಸಬಹುದು.

ಮೊದಲ ವಿಧಾನದಲ್ಲಿ ಶಿಕ್ಷಕರು ಪಾಠವನ್ನು ತಾವೇ ಓದಿ, ಕಠಿಣ ಪದಗಳ ಅರ್ಥವನ್ನು ಕಪ್ಪುಹಲಗೆಯ ಮೇಲೆ ಬರೆದು, ಪ್ರಶ್ನೋತ್ತರಗಳನ್ನು ನಕಲು ಮಾಡಿಸುತ್ತಾರೆ. ತರಗತಿ ಶಾಂತವಾಗಿರುತ್ತದೆ, ನೋಟ್ ಪುಸ್ತಕಗಳು ತುಂಬಿರುತ್ತವೆ. ಆದರೆ ಮಕ್ಕಳು ಸ್ವಂತವಾಗಿ ಒಂದು ವಾಕ್ಯವನ್ನೂ ಆಡಿರುವುದಿಲ್ಲ.

ಎರಡನೆಯ ವಿಧಾನದಲ್ಲಿ ಶಿಕ್ಷಕರು "ನಿಮ್ಮ ಮನೆಯಲ್ಲಿ ಮಳೆಗೆ ಏನನ್ನುತ್ತಾರೆ?" ಎಂದು ಕೇಳುತ್ತಾರೆ. ತುಳುವಿನ 'ಬರ್ಸ', ತಮಿಳಿನ 'ಮಳೈ', ಮಲಯಾಳಂನ 'ಮಳ', ಕೊಂಕಣಿಯ 'ಪಾವ್ಸ್', ಹಿಂದಿಯ 'ಬಾರಿಶ್', ಬಂಗಾಳಿಯ 'ಬೃಷ್ಟಿ' ಕಪ್ಪುಹಲಗೆಯ ಮೇಲೆ ಕನ್ನಡ ಅಕ್ಷರಗಳಲ್ಲಿ ಮೂಡುತ್ತವೆ. ಮಳೆ, ಮಳೈ, ಮಳ ಎಂಬ ಪದಗಳು ಒಂದೇ ಬಳ್ಳಿಯವೆಂದು ಮಕ್ಕಳೇ ಗುರುತಿಸುತ್ತಾರೆ. ಬಳಿಕ ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆ ಬಿದ್ದಾಗ ತೋಟ ಹೇಗೆ ಕಾಣುತ್ತದೆ, ಮುಂಗಾರಿನಲ್ಲಿ ಗೊರಬು ಹೊದ್ದು ಕೆಲಸ ಮಾಡುವುದು ಹೇಗೆ, ಹಣ್ಣು ಒಣಗಿಸುವ ಕಣದ ಮೇಲೆ ಅಕಾಲ ಮಳೆ ಬಂದರೆ ಹಿರಿಯರು ಏನು ಮಾಡುತ್ತಾರೆ ಎಂದು ಮಕ್ಕಳು ವಿವರಿಸುತ್ತಾರೆ. ಅವರ ವಾಕ್ಯಗಳನ್ನೇ ತಿದ್ದಿ ಬರೆದು ಓದಿಸಲಾಗುತ್ತದೆ. ಅನಂತರ ಪಠ್ಯಪುಸ್ತಕವನ್ನು ತೆರೆಯಲಾಗುತ್ತದೆ.

ಪಠ್ಯವಸ್ತು ಎರಡೂ ಕಡೆ ಒಂದೇ. ಎರಡನೆಯ ವಿಧಾನದಲ್ಲಿ ಮನೆಯಲ್ಲಿ ಕನ್ನಡವಾಡದ ಮಗುವೂ ತರಗತಿಗೆ ಏನನ್ನಾದರೂ ಕೊಟ್ಟಿರುತ್ತದೆ. ಕೊಟ್ಟ ಮಗು ಮರುದಿನ ಕೇಳಿಸಿಕೊಳ್ಳಲೂ ಸಿದ್ಧವಾಗಿರುತ್ತದೆ. ಮಗುವಿಗೆ ಹೇಳಲು ವಿಷಯವಿದೆ ಎಂದು ಶಿಕ್ಷಕರು ನಂಬಿದಾಗ ಮಾತ್ರ ಇಂತಹ ಪ್ರಶ್ನೆಯನ್ನು ಕೇಳಲು ಸಾಧ್ಯವಾಗುತ್ತದೆ.

5. ನಲಿ-ಕಲಿ ಪದ್ಧತಿ ಮತ್ತು ಶಿಕ್ಷಕರ ಪಾತ್ರ

ರಾಜ್ಯದ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳ ನಲಿ-ಕಲಿ ಪದ್ಧತಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿವ್ಯಾಲಿ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು, ಶಿಕ್ಷಕರ ಸಹಭಾಗಿತ್ವದಲ್ಲಿ ರೂಪುಗೊಂಡಿತು. 2009-10ನೇ ಸಾಲಿನಿಂದ ಇದನ್ನು ರಾಜ್ಯಾದ್ಯಂತ ವಿಸ್ತರಿಸಲಾಯಿತು.

ಈ ಪದ್ಧತಿಯಲ್ಲಿ ಕಲಿಕೆಯನ್ನು ಮೆಟ್ಟಿಲುಗಳಾಗಿ ವಿಂಗಡಿಸಿ, ಪ್ರತಿ ಮೆಟ್ಟಿಲಿಗೆ ಕಾರ್ಡ್‌ಗಳನ್ನು ನೀಡಲಾಗಿದೆ. ಮಕ್ಕಳು ಗುಂಪುಗಳಲ್ಲಿ ಕುಳಿತು, ಕೆಲವೊಮ್ಮೆ ಶಿಕ್ಷಕರ ನೆರವಿನಿಂದ, ಕೆಲವೊಮ್ಮೆ ಸಹಪಾಠಿಗಳ ನೆರವಿನಿಂದ ಕಲಿಯುತ್ತಾರೆ. ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಹೇಳಿಕೊಡದೆ 'ರ, ಗ, ಸ, ದ, ಅ' ಎಂಬ ಗುಂಪಿನಿಂದ ಆರಂಭಿಸಲಾಗುತ್ತದೆ. ಅಕ್ಷರ ಕಲಿತೊಡನೆ 'ಸರ', 'ಗರಗಸ', 'ಅರಸ' ಮುಂತಾದ ಅರ್ಥವುಳ್ಳ ಪದಗಳನ್ನು ಮಗು ಓದಬಲ್ಲದಾಗುತ್ತದೆ. ಗೈರುಹಾಜರಾಗಿದ್ದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯುವ ಅವಕಾಶ ಇದರಲ್ಲಿರುವುದರಿಂದ, ಕೊಯ್ಲಿನ ಕಾಲದಲ್ಲಿ ಹಾಜರಾತಿ ಏರುಪೇರಾಗುವ ಕಾಫಿ ಸೀಮೆಗೆ ಈ ಪದ್ಧತಿ ವಿಶೇಷವಾಗಿ ಹೊಂದುತ್ತದೆ.

ಆದರೆ ಕಾರ್ಡ್‌ಗಳು ತಾವಾಗಿ ಕಲಿಸುವುದಿಲ್ಲ. ಹಿಂದಿನ ಮೆಟ್ಟಿಲಿನಲ್ಲಿರುವ ಮಗುವನ್ನು "ಇನ್ನೂ ಇಲ್ಲೇ ಇದ್ದೀಯಾ" ಎಂದು ಹಂಗಿಸಿದರೆ ಮೆಟ್ಟಿಲು ಅವಮಾನದ ಗುರುತಾಗುತ್ತದೆ. ಪದ್ಧತಿ ಯಾವುದೇ ಇರಲಿ, ಅದರ ಫಲ ಶಿಕ್ಷಕರ ನಡವಳಿಕೆಯನ್ನು ಅವಲಂಬಿಸಿರುತ್ತದೆ.

6. ಶಿಕ್ಷಕರ ಇತಿಮಿತಿಗಳು

ಶಿಕ್ಷಕರ ಮನೋಭಾವವನ್ನು ಅವರ ಕೆಲಸದ ಪರಿಸ್ಥಿತಿಯಿಂದ ಬೇರ್ಪಡಿಸಿ ನೋಡುವುದು ನ್ಯಾಯವಲ್ಲ. ಗುಡ್ಡಗಾಡಿನ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬರು ಅಥವಾ ಇಬ್ಬರು ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನಿರ್ವಹಿಸಬೇಕಾದ ಸಂದರ್ಭಗಳಿರುತ್ತವೆ. ದಾಖಲೆಗಳ ನಿರ್ವಹಣೆ, ಅಕ್ಷರ ದಾಸೋಹದ ಮೇಲ್ವಿಚಾರಣೆ, ಗಣತಿ ಮತ್ತು ಚುನಾವಣಾ ಕರ್ತವ್ಯಗಳೂ ಅವರ ಮೇಲಿರುತ್ತವೆ. ಬಯಲುಸೀಮೆಯಿಂದ ನೇಮಕಗೊಂಡು ಬಂದ ಶಿಕ್ಷಕರಿಗೆ ತುಳುವಾಗಲಿ, ತಮಿಳಾಗಲಿ ಪರಿಚಯವಿಲ್ಲದಿರಬಹುದು. ಇಂತಹ ಸಂದರ್ಭದಲ್ಲಿ ಪೋಷಕರು ಹಾಗೂ ಹಿರಿಯ ವಿದ್ಯಾರ್ಥಿಗಳು ಮನೆಮಾತಿನ ಕೆಲವು ಪದಗಳನ್ನು ಶಿಕ್ಷಕರಿಗೆ ಪರಿಚಯಿಸಿದರೆ ಅದು ದೊಡ್ಡ ಸಹಾಯವಾಗುತ್ತದೆ. ಕಷ್ಟದ ಪರಿಸ್ಥಿತಿಯು ಶಿಕ್ಷಕರ ಆಯಾಸಕ್ಕೆ ಕಾರಣವಾಗಬಹುದು; ಮಗುವನ್ನು ಹೀಯಾಳಿಸಲು ಅದು ಸಮರ್ಥನೆಯಾಗುವುದಿಲ್ಲ.

7. ಕಾನೂನಿನ ಉಪಬಂಧಗಳು

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮ, 2009ರಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದಂತೆ ಈ ಕೆಳಗಿನ ಅಂಶಗಳಿವೆ.

• ಪ್ರಕರಣ 4: ಶಾಲೆಗೆ ಸೇರದ ಅಥವಾ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ದಾಖಲಿಸಬೇಕು. ಇತರರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕು ಮಗುವಿಗಿದೆ.
• ಪ್ರಕರಣ 5: ಕುಟುಂಬವು ಬೇರೆಡೆಗೆ ಹೋಗುವಾಗ ಮುಖ್ಯ ಶಿಕ್ಷಕರು ವರ್ಗಾವಣೆ ಪತ್ರವನ್ನು ಕೂಡಲೇ ನೀಡಬೇಕು. ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ದಾಖಲಾತಿಯನ್ನು ತಡೆಹಿಡಿಯುವಂತಿಲ್ಲ.
• ಪ್ರಕರಣ 13: ದಾಖಲಾತಿಗಾಗಿ ಮಗುವನ್ನಾಗಲಿ, ಪೋಷಕರನ್ನಾಗಲಿ ಆಯ್ಕೆ ಪರೀಕ್ಷೆಗೆ ಒಳಪಡಿಸುವಂತಿಲ್ಲ. ಆದ್ದರಿಂದ ಮಗುವಿಗೆ ಕನ್ನಡ ಬರುವುದೇ ಎಂದು ಪರೀಕ್ಷಿಸಿ ಪ್ರವೇಶ ನಿರಾಕರಿಸಲು ಅವಕಾಶವಿಲ್ಲ.
• ಪ್ರಕರಣ 14: ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.
• ಪ್ರಕರಣ 17: ಯಾವುದೇ ಮಗುವನ್ನು ದೈಹಿಕ ಶಿಕ್ಷೆಗೆ ಅಥವಾ ಮಾನಸಿಕ ಕಿರುಕುಳಕ್ಕೆ ಒಳಪಡಿಸುವಂತಿಲ್ಲ. ಉಲ್ಲಂಘಿಸಿದವರು ಸೇವಾ ನಿಯಮಗಳಡಿ ಶಿಸ್ತು ಕ್ರಮಕ್ಕೆ ಗುರಿಯಾಗುತ್ತಾರೆ.
• ಪ್ರಕರಣ 24: ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಗುರುತಿಸಿ ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದು ಹಾಗೂ ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸುವುದು ಶಿಕ್ಷಕರ ಕರ್ತವ್ಯಗಳಲ್ಲಿ ಸೇರಿದೆ.
• ಪ್ರಕರಣ 29: ಪಠ್ಯಕ್ರಮವು ಮಗುವನ್ನು ಭಯ, ಆಘಾತ ಮತ್ತು ಆತಂಕದಿಂದ ಮುಕ್ತಗೊಳಿಸಿ, ತನ್ನ ಅಭಿಪ್ರಾಯವನ್ನು ಸ್ವತಂತ್ರವಾಗಿ ಹೇಳಲು ನೆರವಾಗಬೇಕು. ಸಾಧ್ಯವಾದಷ್ಟು ಮಟ್ಟಿಗೆ ಬೋಧನಾ ಮಾಧ್ಯಮವು ಮಗುವಿನ ಮಾತೃಭಾಷೆಯಾಗಿರಬೇಕು.

8. ಪೋಷಕರು ಗಮನಿಸಬಹುದಾದ ಲಕ್ಷಣಗಳು

ಓದುಬರಹ ತಿಳಿಯದ ಪೋಷಕರೂ ಈ ಕೆಳಕಂಡ ಅಂಶಗಳನ್ನು ಮಗುವಿನೊಂದಿಗೆ ಮಾತನಾಡಿ ತಿಳಿದುಕೊಳ್ಳಬಹುದು.

• ಮಗು ಇಂದು ಕನ್ನಡ ತರಗತಿಯಲ್ಲಿ ತಾನಾಗಿ ಏನನ್ನಾದರೂ ಹೇಳಿತೇ?
• ಶಿಕ್ಷಕರು ಮಗುವನ್ನು ಅದರ ಸ್ವಂತ ಹೆಸರಿನಿಂದ ಕರೆಯುತ್ತಾರೆಯೇ ಅಥವಾ ಭಾಷೆ, ಜಾತಿ, ತೋಟದ ಹೆಸರು ಹಿಡಿದು ಕರೆಯುತ್ತಾರೆಯೇ?
• ಮಗು ತಪ್ಪು ಹೇಳಿದಾಗ ತರಗತಿಯಲ್ಲಿ ಏನಾಗುತ್ತದೆ?
• ಮಗುವನ್ನು ನಿತ್ಯ ಕೊನೆಯ ಸಾಲಿನಲ್ಲಿ ಕೂರಿಸಲಾಗುತ್ತಿದೆಯೇ?
• ನೋಟ್ ಪುಸ್ತಕದಲ್ಲಿ ನಕಲು ಮಾಡಿದ ಬರಹ ಮಾತ್ರ ಇದೆಯೇ ಅಥವಾ ಮಗುವಿನ ಸ್ವಂತ ವಾಕ್ಯಗಳೂ ಇವೆಯೇ?
• ಕನ್ನಡ ಪಾಠವಿರುವ ಹೊತ್ತಿನಲ್ಲಿ ಮಾತ್ರ ಹೊಟ್ಟೆನೋವು, ತಲೆನೋವು ಎಂದು ಮಗು ದೂರುತ್ತಿದೆಯೇ?

ಒಂದು ದಿನದ ಅನುಭವದಿಂದ ತೀರ್ಮಾನಕ್ಕೆ ಬರಬಾರದು. ಹೊಸ ಭಾಷೆಯ ನಡುವೆ ಬಂದ ಮಗು ಆರಂಭದ ಕೆಲವು ವಾರ ಕೇಳುತ್ತಾ ಸುಮ್ಮನಿರುವುದು ಸಹಜ. ಆದರೆ ಮೊದಲು ಮಾತನಾಡುತ್ತಿದ್ದ ಮಗು ಮೌನವಾದರೆ ಅದನ್ನು ಲಘುವಾಗಿ ಪರಿಗಣಿಸತಕ್ಕದ್ದಲ್ಲ.

9. ಅನುಸರಿಸಬೇಕಾದ ಕ್ರಮ

(1) ದಾಖಲಾತಿಯ ಸಮಯದಲ್ಲಿ: ಅರ್ಜಿಯ ಮಾತೃಭಾಷೆಯ ಕಲಂನಲ್ಲಿ ಮನೆಯಲ್ಲಿ ಆಡುವ ಭಾಷೆಯನ್ನೇ ನಮೂದಿಸಬೇಕು. 'ಕನ್ನಡ' ಎಂದು ಬರೆಸಿದರೆ ಅನುಕೂಲವೆಂಬುದು ತಪ್ಪು ತಿಳಿವಳಿಕೆ. ನಿಜವಾದ ಭಾಷೆ ತಿಳಿದರೆ ಮಾತ್ರ ಶಿಕ್ಷಕರು ಮಗುವಿನ ಮೌನವನ್ನೂ ತಪ್ಪನ್ನೂ ಸರಿಯಾಗಿ ಅರ್ಥೈಸಬಲ್ಲರು.

(2) ಕೊಯ್ಲಿನ ಕಾಲದಲ್ಲಿ: ಕುಟುಂಬವು ತೋಟ ಬದಲಿಸುವುದಾದರೆ ಮುಂಚಿತವಾಗಿ ಮುಖ್ಯ ಶಿಕ್ಷಕರಿಗೆ ತಿಳಿಸಿ ವರ್ಗಾವಣೆ ಪತ್ರ ಹಾಗೂ ಮಗುವಿನ ಎಸ್.ಎ.ಟಿ.ಎಸ್. ಸಂಖ್ಯೆಯನ್ನು ಪಡೆಯಬೇಕು. ಮಗು ಯಾವ ಪಾಠದವರೆಗೆ ಕಲಿತಿದೆ ಎಂಬುದನ್ನು ಶಿಕ್ಷಕರಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡರೆ ಹೊಸ ಶಾಲೆಯಲ್ಲಿ ಉಪಯುಕ್ತವಾಗುತ್ತದೆ.

(3) ಶಿಕ್ಷಕರೊಂದಿಗೆ ಮಾತುಕತೆ: ತೊಂದರೆ ಕಂಡುಬಂದಲ್ಲಿ ಮೊದಲು ತರಗತಿ ಶಿಕ್ಷಕರನ್ನು ಶಾಲಾ ಅವಧಿಯ ನಂತರ ಭೇಟಿ ಮಾಡಿ, ಮನೆಯಲ್ಲಿ ಮಗು ಹೇಗಿರುತ್ತದೆ ಎಂಬುದನ್ನು ತಿಳಿಸುವುದು ಸೂಕ್ತ. ಹೆಚ್ಚಿನ ಸಮಸ್ಯೆಗಳು ಈ ಹಂತದಲ್ಲಿಯೇ ಪರಿಹಾರವಾಗಬಲ್ಲವು.

(4) ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ: ರಾಜ್ಯದಲ್ಲಿ 2001ರಲ್ಲಿ ಆರಂಭವಾದ ಎಸ್.ಡಿ.ಎಂ.ಸಿ.ಗಳಲ್ಲಿ ಪೋಷಕರೇ ಬಹುಸಂಖ್ಯಾತ ಸದಸ್ಯರು. ವಿಷಯವನ್ನು ಸಮಿತಿಯ ಸಭೆಯಲ್ಲಿ ಅಥವಾ 'ಸಮುದಾಯದತ್ತ ಶಾಲೆ' ಕಾರ್ಯಕ್ರಮದಲ್ಲಿ ಮಂಡಿಸಬಹುದು.

(5) ಲಿಖಿತ ಅಹವಾಲು: ಅವಮಾನ, ಹೊಡೆತ ಅಥವಾ ಪ್ರವೇಶ ನಿರಾಕರಣೆಯಂತಹ ಗಂಭೀರ ವಿಷಯಗಳಲ್ಲಿ ಮುಖ್ಯ ಶಿಕ್ಷಕರಿಗೆ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ದಿನಾಂಕ, ತರಗತಿ ಮತ್ತು ನಡೆದ ಸಂಗತಿಯನ್ನು ಸರಳವಾಗಿ ಬರೆದರೆ ಸಾಕು. ಬರೆಯಲು ಬಾರದವರು ಮತ್ತೊಬ್ಬರಿಂದ ಬರೆಸಿ ಹೆಬ್ಬೆಟ್ಟಿನ ಗುರುತು ಹಾಕಬಹುದು. ಅಧಿನಿಯಮದ 32ನೇ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರಕ್ಕೆ ಸಲ್ಲಿಸಿದ ಲಿಖಿತ ದೂರನ್ನು 3 ತಿಂಗಳೊಳಗೆ ಇತ್ಯರ್ಥಪಡಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮಗುವಿನ ಸುರಕ್ಷತೆಗೆ ಧಕ್ಕೆಯಾದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಗು ಬೇಗ ಕನ್ನಡ ಕಲಿಯಲು ಮನೆಯಲ್ಲಿ ನಮ್ಮ ಭಾಷೆಯನ್ನು ಬಿಡಬೇಕೇ?
ಉತ್ತರ: ಬೇಕಾಗಿಲ್ಲ. ಮನೆಮಾತಿನಲ್ಲಿ ಕಥೆ ಕೇಳಿ, ಪ್ರಶ್ನೆ ಕೇಳಿ ಬೆಳೆದ ಮಗುವಿಗೆ ಇನ್ನೊಂದು ಭಾಷೆಯನ್ನು ಕಲಿಯಲು ಅದೇ ತಳಹದಿಯಾಗುತ್ತದೆ. ಪೋಷಕರು ತಮಗೆ ಚೆನ್ನಾಗಿ ಬರುವ ಭಾಷೆಯಲ್ಲಿಯೇ ಮಗುವಿನೊಂದಿಗೆ ಮಾತನಾಡುವುದು ಒಳಿತು.

ಪ್ರಶ್ನೆ: ಕಟ್ಟುನಿಟ್ಟಾದ ಶಿಕ್ಷಕರು ಇರಬಾರದೇ?
ಉತ್ತರ: ಶಿಸ್ತಿಗೂ ಅವಮಾನಕ್ಕೂ ವ್ಯತ್ಯಾಸವಿದೆ. ಮನೆಪಾಠವನ್ನು ತಪ್ಪದೆ ನೋಡುವ, ಪ್ರತಿ ಮಗುವಿನಿಂದಲೂ ಓದಿಸುವ, ತಪ್ಪನ್ನು ಬಿಡದೆ ತಿದ್ದುವ ಶಿಕ್ಷಕರು ಕಟ್ಟುನಿಟ್ಟಿನವರೇ. ಅವರು ಎಲ್ಲ ಮಕ್ಕಳ ಮೇಲೂ ನಂಬಿಕೆ ಇಟ್ಟಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ. ಏನನ್ನೂ ಕೇಳದೆ, ತಿದ್ದದೆ ಮಗುವನ್ನು ಅದರ ಪಾಡಿಗೆ ಬಿಡುವುದು ಸಡಿಲತೆಯೇ ಹೊರತು ಪ್ರೀತಿಯಲ್ಲ.

ಪ್ರಶ್ನೆ: ಮಗು ಅ, ಆ, ಇ, ಈ ಎಂದು ಕಲಿಯದೆ ಬೇರೆ ಅಕ್ಷರಗಳಿಂದ ಆರಂಭಿಸಿದೆ. ಇದು ಸರಿಯೇ?
ಉತ್ತರ: ನಲಿ-ಕಲಿ ಪದ್ಧತಿಯಲ್ಲಿ ಇದು ಸರಿಯಾದ ಕ್ರಮ. ಮುಂದಿನ ಮೆಟ್ಟಿಲುಗಳಲ್ಲಿ ಎಲ್ಲ ಅಕ್ಷರಗಳೂ ಬರುತ್ತವೆ.

ಪ್ರಶ್ನೆ: ನಾವು ದೂರು ನೀಡಿದರೆ ಮಗುವಿಗೆ ತೊಂದರೆಯಾಗಬಹುದೆಂಬ ಅಂಜಿಕೆ ಇದೆ.
ಉತ್ತರ: ಒಬ್ಬರೇ ಹೋಗುವ ಬದಲು ಎಸ್.ಡಿ.ಎಂ.ಸಿ. ಸದಸ್ಯರು ಅಥವಾ ಅದೇ ತರಗತಿಯ ಇತರ ಪೋಷಕರೊಂದಿಗೆ ಹೋಗಬಹುದು. ದೂರಿನ ಪ್ರತಿ ಮತ್ತು ಸ್ವೀಕೃತಿಯನ್ನು ಕಾಯ್ದಿರಿಸಿಕೊಳ್ಳಬೇಕು. ದೂರಿನ ನಂತರ ಮಗುವಿಗೆ ಕಿರುಕುಳವಾದಲ್ಲಿ ಅದೂ 17ನೇ ಪ್ರಕರಣದ ವ್ಯಾಪ್ತಿಗೆ ಬರುತ್ತದೆ.

11. ಹೆಚ್ಚಿನ ಮಾಹಿತಿಗಾಗಿ

ಪೋಷಕರು ತಮ್ಮ ಗ್ರಾಮದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳನ್ನು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಅಥವಾ ಚಿಕ್ಕಮಗಳೂರಿನ ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.